ಸಾಕುಮೊಲಕ್ಕೆ ನೋವಿನ ಮದ್ದು: ಭಯವೂ ಬೇಡ, ಉಡಾಫೆಯೂ ಬೇಡ

ಮೊಲದ ವಿಷಯವಾಗಿ ಪತ್ರಿಕೆಯಲ್ಲಿ ಬರೆಯಹೊರಟರೆ ಕೆಲವು ಹಿರಿಯ ವಾಚಕರು ಮೂಗು ಮುರಿಯಬಹುದು. ರಸ್ತೆ, ಕುಡಿಯುವ ನೀರು, ಶಾಲೆ, ಅಡಿಕೆಯ ಧಾರಣೆ ಇವನ್ನೆಲ್ಲ ಬಿಟ್ಟು ಗೂಡಿನೊಳಗಿನ ಮೊಲವೇ ಸಿಕ್ಕಿತೇ ಎಂದು ಕೇಳಬಹುದು. ಕೇಳಲಿ. ಮನೆಯ ಮಕ್ಕಳು ಎರಡು ದಿನ ಅನ್ನ ಬಿಟ್ಟು ಅಳುವಂತಾದ ಸಂಗತಿ ಆ ಮನೆಯ ಮಟ್ಟಿಗೆ ಸಣ್ಣದಲ್ಲ. ಒಂದು ಮಾತ್ರೆಯನ್ನು ಅವಸರದಲ್ಲಿ ಕೊಟ್ಟದ್ದರಿಂದಲೋ, ಕೊಡಬೇಕಾದ ಮದ್ದನ್ನು ಹೆದರಿಕೆಯಿಂದ ಕೊಡದೆ ಹೋದದ್ದರಿಂದಲೋ ಒಂದು ಜೀವ ನರಳಿ ಸಾಯುವುದಿದ್ದರೆ ಅದರ ಕುರಿತು ನಾಲ್ಕು ಮಾತು ಬರೆಯುವುದು ಅಧಿಕಪ್ರಸಂಗವೆಂದು ನಮಗೆ ತೋರುವುದಿಲ್ಲ.

ದನದ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕೆಂದು ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಕರು ಭೇದಿ ಮಾಡಿದರೆ, ಎಮ್ಮೆಯ ಕೆಚ್ಚಲು ಬಾತರೆ, ನಾಯಿಯ ಕಾಲಿಗೆ ಮುಳ್ಳು ಹೊಕ್ಕರೆ ಹಟ್ಟಿಯ ಅನುಭವ ಒದಗಿ ಬರುತ್ತಿತ್ತು. ಮೊಲದ ವಿಷಯದಲ್ಲಿ ಅಂಥ ಪರಂಪರೆ ನಮ್ಮಲ್ಲಿಲ್ಲ. ಗುಡ್ಡದಲ್ಲಿ ಓಡುವ ಕಾಡುಮೊಲವನ್ನು ಬೇಟೆಯ ಕಣ್ಣಿನಿಂದ ನೋಡಿದವರು ನಾವು. ಸಾಕುಮೊಲವಾದರೋ ವಿಲಾಯತಿಯ ಬೇರೆ ಜಾತಿ. ನ್ಯೂಜಿಲೆಂಡ್ ವೈಟ್, ಸೋವಿಯೆತ್ ಚಿಂಚಿಲ್ಲಾ, ಗ್ರೇ ಜಯಂಟ್ ಮುಂತಾದ ಹೆಸರುಗಳಲ್ಲಿ ಮೊದಲು ಮಾಂಸಕ್ಕಾಗಿ ಸಾಕಣೆಗೆ ಬಂದು, ಆ ಮೇಲೆ ಮಕ್ಕಳ ಮಡಿಲೇರಿತು. ಸಾಕುವ ಆಸೆ ಬಂದಷ್ಟು ಬೇಗ ಸಾಕುವ ತಿಳುವಳಿಕೆ ಬರಲಿಲ್ಲ. ಬ್ರೆಡ್ಡು, ಬಿಸ್ಕೀಟು, ಬೇಯಿಸಿದ ಅನ್ನ ಇವುಗಳೇ ಎಷ್ಟೋ ಮನೆಗಳಲ್ಲಿ ಮೊಲದ ಆಹಾರ. ಹುಲ್ಲು ಹೆಸರಿಗೆ ಮಾತ್ರ.

ಮೊಲದ ಹಲ್ಲು ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತದೆ. ಮುಂದಿನ ಬಾಚಿಹಲ್ಲು ಮಾತ್ರವಲ್ಲ, ಒಳಗಿನ ದವಡೆಹಲ್ಲು ಸಹ. ನಾರುಳ್ಳ ಹುಲ್ಲನ್ನು ದಿನವಿಡೀ ಅಗಿಯುತ್ತಿದ್ದರೆ ಅದು ಸವೆಯುತ್ತದೆ. ಮೆತ್ತಗಿನ ತಿಂಡಿ ಹಾಕಿದರೆ ಸವೆಯದೆ ಮೊನೆಯಾಗಿ ನಾಲಿಗೆಯನ್ನೂ ಕೆನ್ನೆಯ ಒಳಭಾಗವನ್ನೂ ಕೊರೆಯುತ್ತದೆ. ಮೊಲಕ್ಕೆ ನೋವಿನ ಮದ್ದು ಬೇಕಾಗಿ ಬರುವ ಕಾರಣಗಳಲ್ಲಿ ಇದೊಂದು ಮುಖ್ಯವಾದದ್ದು. ಕಾಲು ಮುರಿತ, ಬೀಡು ತೆಗೆಯುವ ಅಥವಾ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ, ಮೂತ್ರಕೋಶದ ಕಲ್ಲು ಇವೆಲ್ಲ ಉಳಿದ ಕಾರಣಗಳು.

ಆದರೆ ಮೊಲ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ನಾಯಿ ಕುಂಯ್ಗುಟ್ಟುತ್ತದೆ, ಬೆಕ್ಕು ಗುರುಗುಟ್ಟುತ್ತದೆ. ಹದ್ದು, ನರಿ, ಹಾವುಗಳ ಬಾಯಿಗೆ ಬೀಳುವ ಜಾತಿಯಾದ ಮೊಲಕ್ಕೆ ನೋವನ್ನು ಅಡಗಿಸಿಡುವುದು ಹುಟ್ಟುಗುಣ. ದುರ್ಬಲವೆಂದು ತೋರಿಸಿಕೊಂಡದ್ದು ಕಾಡಿನಲ್ಲಿ ಉಳಿಯದು. ಆದುದರಿಂದ ಮೊಲ ಮೂಲೆಯಲ್ಲಿ ಬೆನ್ನು ಗೂನಾಗಿಸಿ ಕುಳಿತಿದ್ದರೆ ಮನೆಯವರು ನಿದ್ದೆಯೆಂದು ತಿಳಿಯುತ್ತಾರೆ. 2012ರಲ್ಲಿ ಕೆಲವು ವಿಜ್ಞಾನಿಗಳು ಮೊಲದ ಮುಖದಲ್ಲಿ ನೋವನ್ನು ಓದುವ ಒಂದು ಕ್ರಮವನ್ನು ಪ್ರಕಟಿಸಿದರು. ಕಿವಿಯಲ್ಲಿ ಹಚ್ಚೆಯ ಗುರುತು ಹಾಕುವಾಗ ಮೊಲಗಳ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಿ ಅವರು ಐದು ಲಕ್ಷಣಗಳನ್ನು ಹೇಳಿದ್ದಾರೆ. ಕಣ್ಣು ಅರೆಮುಚ್ಚುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆಯ ಆಕಾರ ಬಿಗಿಯಾಗುವುದು, ಮೀಸೆಯ ಕೂದಲು ಸೆಟೆಯುವುದು, ಕಿವಿ ಸುರುಳಿಯಾಗಿ ಹಿಂದಕ್ಕೆ ಮಲಗುವುದು. ಇವಲ್ಲದೆ ಹಲ್ಲು ಕಡಿಯುವ ಸದ್ದು. ಸುಖವಾಗಿರುವ ಮೊಲವೂ ತಲೆ ಸವರಿದಾಗ ಹಲ್ಲನ್ನು ಮೆಲ್ಲನೆ ಕಟಕಟಿಸುವುದುಂಟು. ನೋವಿನದ್ದು ಜೋರಾದ ಕರಕರ ಸದ್ದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಮನೆಯ ಮಕ್ಕಳು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಮೊಲಕ್ಕೆ ನೋವೆಂದು ತಿಳಿದ ಮೇಲೆ ನಮ್ಮವರ ಕೈ ಮೊದಲು ಹೋಗುವುದು ಕಪಾಟಿನ ಮದ್ದಿನ ಡಬ್ಬಿಗೆ. ಅಮ್ಮನ ಗಂಟುನೋವಿಗೆ ತಂದ ಡೈಕ್ಲೋಫೆನಾಕ್ ಉಳಿದಿರುತ್ತದೆ. ಸಣ್ಣ ಪ್ರಾಣಿಯಲ್ಲವೇ, ಕಾಲು ಭಾಗ ಸಾಕು ಎಂದು ಉಗುರಿನಿಂದ ಮುರಿಯುತ್ತಾರೆ. ಈ ಕಾಲು ಮಾತ್ರೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 50 ಮಿಲಿಗ್ರಾಮಿನ ಮಾತ್ರೆ 60 ಕಿಲೋ ತೂಕದ ಮನುಷ್ಯನಿಗೆ ಕಿಲೋ ಒಂದಕ್ಕೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ ಬೀಳುತ್ತದೆ. ಅದರ ಕಾಲು ಭಾಗ 2 ಕಿಲೋ ಮೊಲಕ್ಕೆ ಕಿಲೋ ಒಂದಕ್ಕೆ 6 ಮಿಲಿಗ್ರಾಮಿಗಿಂತ ಹೆಚ್ಚು. ಕಡಿಮೆ ಕೊಟ್ಟೆವೆಂದು ಸಮಾಧಾನಪಟ್ಟವರು ವಾಸ್ತವದಲ್ಲಿ ಏಳೂವರೆ ಪಾಲು ಕೊಟ್ಟಿರುತ್ತಾರೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಒಳಗೆ ಹೋದದ್ದು ಹೊರಗೆ ಬರುವ ದಾರಿ ಬೇರೆ ಇಲ್ಲ. (ಇದೇ ಡಬ್ಬಿಯಿಂದ ಉಳಿಕೆ ಅಮಾಕ್ಸಿಸಿಲಿನ್ ತೆಗೆದು ಬಾಯಿಗೆ ಹಾಕುವವರೂ ಇದ್ದಾರೆ. ಅದು ನೋವಿನ ಮದ್ದಲ್ಲದಿದ್ದರೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು: ಆ ವರ್ಗದ ಮದ್ದು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಅಣುಜೀವಿಗಳನ್ನು ಕೊಂದು ವಿಷಕಾರಿಯಾದವುಗಳನ್ನು ಬೆಳೆಸುತ್ತದೆ, ಪ್ರಾಣವನ್ನೇ ತೆಗೆಯಬಲ್ಲುದು.)

ಇನ್ನು ಬಲವಾದ ನೋವಿನ ಮದ್ದುಗಳ ವಿಚಾರ. ಮಾರ್ಫಿನ್, ಫೆಂಟನಿಲ್, ಬುಪ್ರೆನಾರ್ಫಿನ್, ಬ್ಯುಟಾರ್ಫನಾಲ್ ಮೊದಲಾದ ಅಫೀಮಿನ ವರ್ಗದವುಗಳನ್ನು ಪಶುವೈದ್ಯರು ಶಸ್ತ್ರಕ್ರಿಯೆಯ ಹೊತ್ತಿನಲ್ಲೂ ಆ ಬಳಿಕವೂ ಮೊಲಗಳಿಗೆ ಬಳಸುತ್ತಾರೆ. ಈ ವರ್ಗದ ಮದ್ದಿನ ಪರಿಚಯ ಕೇರಳದ ಮನೆಗಳಿಗೆ ಇಲ್ಲವೆನ್ನುವಂತಿಲ್ಲ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಸಾಂತ್ವನ ಶುಶ್ರೂಷೆಯ ಕೆಲಸ ಹಬ್ಬಿ, 2008ರಲ್ಲಿ ರಾಜ್ಯ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿದ ಮೇಲೆ, ಅರ್ಬುದದಿಂದ ಹಾಸಿಗೆ ಹಿಡಿದ ಹಿರಿಯರ ಬಳಿಗೆ ದಾದಿಯರು ಮನೆಬಾಗಿಲಿಗೇ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಅಜ್ಜನಿಗೆ ಮಾರ್ಫಿನ್ ಮಾತ್ರೆ ಆರಂಭಿಸುವಾಗ ಅದರೊಡನೆ ಮಲಬದ್ಧತೆಗೂ ಒಂದು ಮದ್ದು ಕೊಡುತ್ತಾರೆ, ಅಲ್ಲವೇ? ಅದೇಕೆಂದು ಯೋಚಿಸಿದವರು ಕಡಿಮೆ. ನೋವಿನ ಸುದ್ದಿಯನ್ನು ತಡೆಯುವ ಈ ಮದ್ದು ಕುಳಿತುಕೊಳ್ಳುವ ಜಾಗಗಳು ಮಿದುಳಿನಲ್ಲಿ ಮಾತ್ರವಲ್ಲ, ಕರುಳಿನ ಗೋಡೆಯ ನರಗಳಲ್ಲಿಯೂ ಇವೆ. ಅಲ್ಲಿ ಅದು ಕುಳಿತಾಗ ಕರುಳು ಆಹಾರವನ್ನು ಮುಂದಕ್ಕೆ ನೂಕುವ ಕೆಲಸವನ್ನು ನಿಧಾನಿಸುತ್ತದೆ.

ಮನುಷ್ಯನಿಗೆ ಇದೊಂದು ಕಿರಿಕಿರಿ. ಮೊಲಕ್ಕೆ ಇದು ಪ್ರಾಣದ ಪ್ರಶ್ನೆ. ಮೊಲದ ಹೊಟ್ಟೆ ನಿಲ್ಲಬಾರದ ಯಂತ್ರದ ಹಾಗೆ. ಹುಲ್ಲಿನ ಒರಟು ನಾರು ಹಿಕ್ಕೆಯಾಗಿ ಬೇಗ ಹೊರಬೀಳುತ್ತದೆ. ನುಣ್ಣಗಿನ ಭಾಗ ದೊಡ್ಡ ಕುರುಡುಗರುಳಿಗೆ ಹೋಗಿ ಅಣುಜೀವಿಗಳಿಂದ ಹುಳಿತು, ಮೆತ್ತಗಿನ ಗೊಂಚಲಾಗಿ ಹೊರಬರುತ್ತದೆ. ಅದನ್ನು ಮೊಲ ಅಲ್ಲಿಂದಲೇ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಕೊಳಕು ಬುದ್ಧಿಯೆಂದು ಮಕ್ಕಳನ್ನು ಬೈಯುವಂತೆ ಅದನ್ನು ಬೈಯಬೇಡಿ. ಅದರ ಜೀವಸತ್ವವೆಲ್ಲ ಅದರಲ್ಲಿದೆ. ಈ ಓಡಾಟ ನಿಂತರೆ ಒಳಗಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ವಾಯು ತುಂಬುತ್ತದೆ, ಅಣುಜೀವಿಗಳ ಸಮತೋಲ ಕೆಡುತ್ತದೆ. ವಾಯು ತುಂಬಿದ ಹೊಟ್ಟೆ ಮತ್ತೆ ನೋಯುತ್ತದೆ, ನೋವಿನಿಂದ ಮೊಲ ಮತ್ತಷ್ಟು ಊಟ ಬಿಡುತ್ತದೆ. ಊಟವಿಲ್ಲದಾಗ ಮೈಯ ಕೊಬ್ಬು ಕರಗಿ ಯಕೃತ್ತಿಗೆ ತುಂಬಿಕೊಳ್ಳುತ್ತದೆ. ಹನ್ನೆರಡು ತಾಸು ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತುರ್ತು ರೋಗಿಯೆಂದೇ ವೈದ್ಯರು ಎಣಿಸುವುದು ಇದಕ್ಕಾಗಿ.

ಅಫೀಮಿನ ವರ್ಗದ ಮದ್ದಿನಿಂದ ಹೊಟ್ಟೆ ನಿಧಾನವಾಗುವುದಲ್ಲದೆ ಮಂಪರು, ಊಟದ ಮೇಲೆ ನಿರಾಸಕ್ತಿ, ಪ್ರಮಾಣ ಹೆಚ್ಚಾದರೆ ಉಸಿರಾಟ ಇಳಿಯುವುದು ಇವೂ ಕಂಡುಬರುತ್ತವೆ. ನೋವೇ ಇಲ್ಲದ ಆರೋಗ್ಯದ ಮೊಲಕ್ಕೆ ಬುಪ್ರೆನಾರ್ಫಿನ್ ಕೊಟ್ಟರೂ ಅದು ತಿನ್ನುವುದು ಕಡಿಮೆಯಾಗುತ್ತದೆ, ಹಿಕ್ಕೆ ಕಡಿಮೆಯಾಗುತ್ತದೆ. ಇದಕ್ಕೆ ಎದುರುಮದ್ದಾಗಿ ನಾಲೋಕ್ಸೋನ್ ಇದೆ. ಆದರೆ ಅದು ಮದ್ದಿನ ಕೇಡಿನೊಂದಿಗೆ ಗುಣವನ್ನೂ ಕಿತ್ತುಹಾಕಿ ನೋವನ್ನು ಹಿಂದಕ್ಕೆ ಕರೆತರುತ್ತದೆ.

ಇಷ್ಟನ್ನು ಓದಿದವರಿಗೆ, ಹಾಗಾದರೆ ಈ ಮದ್ದುಗಳ ಸಹವಾಸವೇ ಬೇಡವೆಂದು ಅನಿಸುವುದು ಸಹಜ. ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೇ ಆ ಅನಿಸಿಕೆ. ಎಲ್ಲೋ ಅರ್ಧ ಕೇಳಿ, ಮೊಲಕ್ಕೆ ನೋವಿನ ಮದ್ದು ಕೊಟ್ಟರೆ ಹೊಟ್ಟೆ ನಿಂತು ಸಾಯುತ್ತದೆಯೆಂದು ನಂಬಿ, ವೈದ್ಯರು ಬರೆದುಕೊಟ್ಟದ್ದನ್ನೂ ಕೊಡದೆ ಬಿಡುವವರಿದ್ದಾರೆ. ಇದು ಉಡಾಫೆಗಿಂತ ಕಡಿಮೆ ಅಪಾಯದ್ದಲ್ಲ. ಯಾಕೆಂದರೆ ಮೊಲದ ಹೊಟ್ಟೆಯನ್ನು ನಿಲ್ಲಿಸುವ ಅತಿ ದೊಡ್ಡ ಶಕ್ತಿ ನೋವೇ ಆಗಿದೆ. ನೋವು, ಭಯ, ಸಂಕಟಗಳಿಗೆ ಸಿಕ್ಕಿದ ದೇಹದಲ್ಲಿ ಓಡಿಹೋಗುವುದಕ್ಕೆ ಬೇಕಾದ ನರಗಳೆಲ್ಲ ಎಚ್ಚತ್ತು, ಜೀರ್ಣದ ಕೆಲಸವನ್ನು ಹಿಂದಕ್ಕೆ ತಳ್ಳುತ್ತವೆ. ಹೊಟ್ಟೆ ಕುಯ್ದು ಹೊಲಿದ ಮೊಲಕ್ಕೆ ನೋವಿನ ಮದ್ದನ್ನು ನಿರಾಕರಿಸಿ ಅದರ ಕರುಳನ್ನು ಕಾಪಾಡಿದೆವೆಂದು ಭಾವಿಸುವುದು, ಮನೆ ಸೋರುತ್ತದೆಂದು ಮಾಡನ್ನೇ ಕಿತ್ತುಹಾಕಿದ ಹಾಗೆ. ಮದ್ದಿನ ಕೇಡನ್ನು ತೂಗುವಾಗ ನೋವಿನ ಕೇಡನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡದೆ ಹೋದರೆ ಅದು ತೂಕವಲ್ಲ.

ಕೇಡನ್ನು ಕಡಿಮೆ ಮಾಡುವ ದಾರಿಗಳೂ ಇವೆ. ಒಂದೇ ಬಲವಾದ ಮದ್ದನ್ನು ಹೆಚ್ಚು ಕೊಡುವ ಬದಲು ಬೇರೆ ಬೇರೆ ವರ್ಗದವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು ಒಂದು. ಹಲ್ಲು ಕೀಳುವುದೋ ಗಾಯ ಹೊಲಿಯುವುದೋ ಆಗಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸುವುದು ಇನ್ನೊಂದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗರ್ಭಕೋಶ ತೆಗೆದ ನ್ಯೂಜಿಲೆಂಡ್ ವೈಟ್ ಮೊಲಗಳಲ್ಲಿ ಕೆಲವಕ್ಕೆ ಬುಪ್ರೆನಾರ್ಫಿನನ್ನೂ ಕೆಲವಕ್ಕೆ ಲಿಗ್ನೊಕೇನನ್ನು ರಕ್ತನಾಳದ ಮೂಲಕ ಹನಿಹನಿಯಾಗಿಯೂ ಕೊಟ್ಟು ನೋಡಿದರು. ಲಿಗ್ನೊಕೇನ್ ಪಡೆದವು ಹೆಚ್ಚು ತಿಂದವು, ಹೆಚ್ಚು ಹಿಕ್ಕೆ ಹಾಕಿದವು. ಇದು ಆಸ್ಪತ್ರೆಯಲ್ಲಿ ಕಾವಲಿಟ್ಟು ಮಾಡುವ ಕೆಲಸ, ಮನೆಯಲ್ಲಿ ಅಲ್ಲ. ಹೇಳಬೇಕಾದ ಮಾತೆಂದರೆ, ಪಶುವೈದ್ಯರಿಗೆ ಆಯ್ಕೆಗಳಿವೆ, ಮತ್ತು ಆ ಆಯ್ಕೆಗಳ ಬಗೆಗೆ ಕೇಳುವ ಹಕ್ಕು ಮೊಲದ ಒಡೆಯರಿಗಿದೆ.

ಮನೆಗೆ ಬರೆದುಕೊಡುವ ಮದ್ದು ಬಹುತೇಕ ಮೆಲೋಕ್ಸಿಕಾಮ್. ಅದು ಅಫೀಮಿನ ವರ್ಗದ್ದಲ್ಲ. ಬಾವು ಮತ್ತು ನೋವನ್ನು ಉಂಟುಮಾಡುವ ಒಂದು ರಸವಸ್ತುವನ್ನು ತಡೆಯುವುದು ಅದರ ಕೆಲಸ. ಆದರೆ ಅದೇ ವಸ್ತು ಜಠರದ ಒಳಪೊರೆಯನ್ನೂ ಮೂತ್ರಪಿಂಡದ ರಕ್ತದ ಹರಿವನ್ನೂ ಕಾಯುತ್ತಿರುತ್ತದೆ. ಆದುದರಿಂದ ನೀರಿಲ್ಲದೆ ಬತ್ತಿದ ಮೊಲಕ್ಕೆ ಇದು ಮೂತ್ರಪಿಂಡದ ಅಪಾಯ ತರಬಹುದು, ಜಠರದಲ್ಲಿ ಹುಣ್ಣಾಗಬಹುದು. ಡೆಕ್ಸಾಮೆಥಾಸೋನಿನಂಥ ಸ್ಟೀರಾಯ್ಡಿನೊಂದಿಗೆ ಒಟ್ಟಿಗೆ ಕೊಡುವುದು ಇನ್ನೂ ಕೆಟ್ಟದು. ನಮ್ಮ ಕರಾವಳಿಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ಮೊಲ ಎಷ್ಟು ಬತ್ತಿರಬಹುದೆಂದು ವೈದ್ಯರಿಗೆ ಹೇಳದೆ ಗೊತ್ತಾಗದು. ಹಾಗೆಂದು ಮೆಲೋಕ್ಸಿಕಾಮ್ ಹೆದರಬೇಕಾದ ಮದ್ದೂ ಅಲ್ಲ. 2014ರ ಒಂದು ಸಂಶೋಧನೆಯಲ್ಲಿ ಕೆಲವು ಮೊಲಗಳಿಗೆ 29 ದಿನಗಳ ಕಾಲ ಸತತ ಕೊಟ್ಟಾಗ ಅವು ಚೆನ್ನಾಗಿ ತಾಳಿಕೊಂಡವು. ಮೊಲದ ದೇಹ ಈ ಮದ್ದನ್ನು ನಾಯಿಗಿಂತ ಬೇಗ ಹೊರಹಾಕುತ್ತದೆ. ನಾಯಿಯ ಲೆಕ್ಕದಲ್ಲಿ ಮೊಲಕ್ಕೆ ಕೊಟ್ಟರೆ ಎಷ್ಟೋ ಸಲ ನೋವೇ ಇಳಿಯದು. ಅಳತೆಯನ್ನು ನಾವು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಪತ್ರಿಕೆಯ ತುಂಡನ್ನು ಕತ್ತರಿಸಿಟ್ಟುಕೊಂಡು ಮದ್ದು ಅಳೆಯುವ ಅಭ್ಯಾಸ ನಮ್ಮವರಲ್ಲಿದೆ.

ಒಂದು ಪ್ರಾಣಿಯ ಲೆಕ್ಕ ಇನ್ನೊಂದಕ್ಕೆ ಸಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿಯಿದೆ. ಹಿಂದೆ ದನಗಳಿಗೆ ಧಾರಾಳವಾಗಿ ಚುಚ್ಚುತ್ತಿದ್ದುದು ಈ ಡೈಕ್ಲೋಫೆನಾಕನ್ನೇ. ದನಕ್ಕೆ ಗುಣವಾಯಿತು. ಆದರೆ ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಗುಂಪುಗುಂಪಾಗಿ ಸತ್ತವು. 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. ಕಾರಣ ಈ ಮದ್ದೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಪಶುಗಳಿಗೆ ಇದರ ಬಳಕೆಯನ್ನು ಸರಕಾರ ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳನ್ನು ತಂದು ದನಕ್ಕೆ ಚುಚ್ಚುವುದು ನಿಲ್ಲದ್ದರಿಂದ 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಅಸೆಕ್ಲೋಫೆನಾಕ್ ಮತ್ತು ಕೀಟೊಪ್ರೊಫೆನ್ ಇವುಗಳನ್ನು ಪಶುಗಳಿಗೆ ಬಳಸುವುದು 2023ರಲ್ಲಿ ನಿಷೇಧಕ್ಕೊಳಗಾಯಿತು. ರಣಹದ್ದಿಗೆ ಕೇಡು ಮಾಡದ ಬದಲಿ ಮದ್ದಾಗಿ ಕಂಡದ್ದು ಇದೇ ಮೆಲೋಕ್ಸಿಕಾಮ್. ಕೇರಳದಲ್ಲಿ ರಣಹದ್ದುಗಳು ನೆಲೆ ಉಳಿಸಿಕೊಂಡಿರುವುದು ವಯನಾಡಿನ ಕಾಡಿನಲ್ಲಿ. ನಮ್ಮ ಮಕ್ಕಳು ಅವನ್ನು ನೋಡಬೇಕಿದ್ದರೆ ಅಲ್ಲಿಗೇ ಹೋಗಬೇಕು.

ಟ್ರಮಡೋಲ್ ಎಂಬ ಇನ್ನೊಂದು ಮದ್ದಿದೆ. ಶಸ್ತ್ರಕ್ರಿಯೆಯಾದ ಮನುಷ್ಯರಿಗೆ ಬರೆದದ್ದು ಮನೆಯಲ್ಲಿ ಉಳಿಯುವುದುಂಟು. ಮೊಲಗಳಿಗೆ ಬಾಯಿಯ ಮೂಲಕ ಕೊಟ್ಟು ಅಳೆದ 2008ರ ಅಧ್ಯಯನದಲ್ಲಿ, ಮನುಷ್ಯರಲ್ಲಿ ನೋವನ್ನು ಇಳಿಸಲು ಬೇಕಾಗುವಷ್ಟು ಮದ್ದು ಮೊಲದ ರಕ್ತದಲ್ಲಿ ಕಾಣಲಿಲ್ಲ. ಗುಣ ಸಂದೇಹ, ಕೇಡು ಮಾತ್ರ ಖಚಿತ ಎಂಬಂಥ ಮದ್ದನ್ನು ಯಾಕೆ ಕೊಡಬೇಕು? 2018ರಿಂದ ಇದು ಮಾದಕ ವಸ್ತುಗಳ ಕಾನೂನಿನ ಹತೋಟಿಯಲ್ಲೂ ಇದೆ. ಇಂಥ ಉಳಿಕೆಯನ್ನು ಮನೆಯಲ್ಲಿಟ್ಟುಕೊಳ್ಳುವುದೇ ಸರಿಯಲ್ಲ. ಸಾಂತ್ವನ ಶುಶ್ರೂಷೆಯಿಂದ ಬಂದ ಮಾರ್ಫಿನ್ ಉಳಿದರೆ ದಾದಿಯರಿಗೆ ಹಿಂತಿರುಗಿಸಬೇಕು.

ಮುನ್ನೂರು ನಾನೂರು ರೂಪಾಯಿಯ ಮೊಲಕ್ಕಾಗಿ ಮಂಗಳೂರಿನ ತನಕ ಹೋಗಿ ಸಾವಿರಗಟ್ಟಲೆ ಸುರಿಯಬೇಕೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹೀಗಳೆಯುವುದಿಲ್ಲ. ಕೂಲಿಯ ಮನೆಗೆ ಅದು ನಿಜವಾದ ಪ್ರಶ್ನೆ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾನೂನು ಪ್ರಾಣಿಯ ಬೆಲೆಯನ್ನು ಕೇಳುವುದಿಲ್ಲ. ಯಾರ ವಶದಲ್ಲಿದೆಯೋ ಅವರು ಅದಕ್ಕೆ ಅನಾವಶ್ಯಕ ನೋವಾಗದಂತೆ ನೋಡಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಮಂಗಳೂರಿಗೆ ಹೋಗಲು ಆಗದವರಿಗೆ ಹತ್ತಿರದ ಸರಕಾರಿ ಮೃಗಾಸ್ಪತ್ರೆಯೇ ಗತಿ. ಅಲ್ಲಿನ ವೈದ್ಯರ ದಿನ ದನ, ಆಡು, ಕೋಳಿಗಳಲ್ಲೇ ಮುಗಿಯುತ್ತದೆ ಎಂಬುದೂ ನಮಗೆ ಗೊತ್ತು. ವಯನಾಡಿನ ಪೂಕೋಡಿನಲ್ಲಿ 2010ರಿಂದ ಒಂದು ಪಶುವೈದ್ಯ ವಿಶ್ವವಿದ್ಯಾಲಯವೇ ಇರುವ ರಾಜ್ಯದಲ್ಲಿ, ಮೊಲಕ್ಕೆ ಯಾವ ಮದ್ದು ಸಲ್ಲುವುದು, ಯಾವುದು ಸಲ್ಲದು ಎಂದು ಒಂದೇ ಹಾಳೆಯ ತಿಳುವಳಿಕೆ ಪತ್ರವನ್ನು ಅಚ್ಚು ಹಾಕಿ ಪ್ರತಿ ಮೃಗಾಸ್ಪತ್ರೆಯ ಗೋಡೆಗೆ ಅಂಟಿಸುವುದು ಅಷ್ಟೊಂದು ಭಾರದ ಕೆಲಸವೇ?

ಆ ಹಾಳೆ ನಮ್ಮ ತಾಲೂಕುಗಳಲ್ಲಿ ಮಲಯಾಳದೊಂದಿಗೆ ಕನ್ನಡದಲ್ಲೂ ಇರಬೇಕೆಂದು ಕೇಳುವುದು ಭಾಷೆಯ ಹಟವಲ್ಲ. ಮದ್ದು ಕೊಡುವವಳು ಮನೆಯ ತಾಯಿ ಅಥವಾ ಅಜ್ಜಿ. ಸೀಸೆಯ ಮೇಲಿನ ಅಕ್ಷರ ಇಂಗ್ಲಿಷು, ವೈದ್ಯರ ಮಾತು ಮಲಯಾಳ, ಅವಳು ಓದಬಲ್ಲದ್ದು ಕನ್ನಡ. ದಿನಕ್ಕೊಮ್ಮೆ ಎಂಬುದು ದಿನಕ್ಕೆ ಮೂರು ಸಲವಾಗಲು ಎಷ್ಟು ಹೊತ್ತು ಬೇಕು? ಕನ್ನಡಿಗ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದು ಕೇರಳದ 1969ರ ಭಾಷಾ ಕಾನೂನು ಒಪ್ಪಿದೆ. ಮೃಗಾಸ್ಪತ್ರೆಗೆ ಕನ್ನಡದಲ್ಲೇ ಒಂದು ಅರ್ಜಿ ಬರೆಯಲು ನಮ್ಮ ವಾಚಕರು ಹಿಂಜರಿಯಬೇಕಾಗಿಲ್ಲ. ಅಲ್ಲಿಯ ತನಕ, ಮದ್ದು ಬರೆಯಿಸಿಕೊಳ್ಳುವಾಗ ಹೊತ್ತು, ಅಳತೆ, ಎಷ್ಟು ದಿನ ಎಂಬ ಮೂರನ್ನು ನಿಮ್ಮ ಕೈಯಿಂದ ನಿಮ್ಮ ಅಕ್ಷರದಲ್ಲಿ ಬರೆದುಕೊಂಡೇ ಹೊರಡಿ. ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಎಲ್ಲಿಯ ತನಕ ಎಳೆಯಬೇಕೆಂದು ಪೆನ್ನಿನಿಂದ ಗೆರೆ ಎಳೆಯಿಸಿಕೊಳ್ಳಿ.

ವೈದ್ಯರ ಬಳಿಗೆ ಹೋಗುವಾಗ ಮೊಲದ ತೂಕ ತಿಳಿದಿರಲಿ. ದಿನಸಿ ಅಂಗಡಿಯ ತಕ್ಕಡಿಯಾದರೂ ಆದೀತು. ಶಸ್ತ್ರಕ್ರಿಯೆಗೆ ಮುಂಚೆ ನಾಯಿ ಬೆಕ್ಕುಗಳಂತೆ ಮೊಲವನ್ನು ರಾತ್ರಿಯಿಡೀ ಉಪವಾಸ ಹಾಕಬಾರದು. ವಾಂತಿ ಮಾಡದ ಪ್ರಾಣಿಗೆ ಆ ಭಯವಿಲ್ಲ, ಹೊಟ್ಟೆ ನಿಲ್ಲುವ ಭಯವೇ ಹೆಚ್ಚು. ಬಲವಾದ ನೋವಿನ ಮದ್ದು ಪಡೆದು ಮನೆಗೆ ಬಂದ ಮೊಲಕ್ಕೆ ಹಸಿ ಗರಿಕೆ, ಒಣಹುಲ್ಲು, ಕೊತ್ತಂಬರಿ ಸೊಪ್ಪು ಮುಂದಿಟ್ಟು ನೋಡಿ. ನೀರನ್ನು ಬಾಟ್ಲಿಗಿಂತ ಅಗಲದ ಮಣ್ಣಿನ ಚಿಪ್ಪಿನಲ್ಲಿ ಇಟ್ಟರೆ ಹೆಚ್ಚು ಕುಡಿಯುತ್ತದೆ. ತಾನಾಗಿ ತಿನ್ನದಿದ್ದರೆ ನಾರಿನ ಆಹಾರವನ್ನು ಅರೆದು ಸಿರಿಂಜಿನಲ್ಲಿ ಕೊಡುವ ಕ್ರಮವನ್ನು ವೈದ್ಯರಿಂದ ಕಲಿತುಕೊಳ್ಳಬೇಕು. ಹೊಟ್ಟೆ ಮದ್ದಳೆಯಂತೆ ಬಿಗಿದಿದ್ದರೆ ಮಾತ್ರ ಬಲವಂತವಾಗಿ ಏನನ್ನೂ ಕೊಡಬಾರದು, ಒಳಗೆ ತಡೆ ಇರಬಹುದು. ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು.

ಮತ್ತೆ, ಹಿಕ್ಕೆ ಎಣಿಸಿ. ಆರೋಗ್ಯದ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಒಂದೊಂದಾಗಿ ಲೆಕ್ಕ ಹಾಕಬೇಕೆಂದಲ್ಲ. ರಾತ್ರಿ ಗೂಡಿನ ಅಡಿಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಬೆಳಗ್ಗೆ ತೆಗೆದು ನಿನ್ನೆಯದರೊಂದಿಗೆ ಹೋಲಿಸಿದರೆ ಸಾಕು. ಹಿಕ್ಕೆ ಸಣ್ಣದಾಗಿದೆಯೇ, ಒಣಗಿ ಕರಟಿದೆಯೇ, ಕೂದಲಿನಲ್ಲಿ ಮಾಲೆಯಂತೆ ಸಿಕ್ಕಿಕೊಂಡಿದೆಯೇ, ಇಲ್ಲವೇ ಹಾಳೆ ಖಾಲಿಯೇ ಇದೆಯೇ ನೋಡಿ. ಖಾಲಿಯಿದ್ದರೆ ಶಾಲೆಗೆ ಹೊರಟ ಮಕ್ಕಳನ್ನು ಸಮಾಧಾನಪಡಿಸಿ ಕಳುಹಿಸಿ, ಮೃಗಾಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಬುಟ್ಟಿಯೊಂದಿಗೆ ಅಲ್ಲಿರಿ. ಕೊಟ್ಟ ಮದ್ದಿನ ಸೀಸೆಯೂ ಆ ಹಾಳೆಯೂ ಜತೆಗಿರಲಿ.